ಜೆರ್ಸಿ ಮಾರೋಕೋಸ್ಕರ ಆದ್ರೂ ಒಬ್ಬ ಇಂಡಿಯನ್ ಪ್ಲೇಯರ್‌ನ ತಗೊಳ್ಳಲ್ವಾ?

ಗೌತಮಪುರ_ಕೋಚ್:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಗೌತಮಪುರದಲ್ಲಿ ಭಾನುವಾರ ಭಾನುವಾರ ಹುಡುಗ್ರಿಗೆ ಫುಟ್‌ಬಾಲ್ ಹೇಳ್ಕೊಡ್ತೀನಿ. ಹೋದ ವಾರ ಪ್ರಾಕ್ಟೀಸ್ ಮುಗಿಸಿ ಎಲ್ರೂ ಬೂಟ್ ಬಿಚ್ತಾ ಕೂತಿದ್ವಿ, 14 ವರ್ಷದ ಒಬ್ಬ ಹುಡುಗ ಕೇಳ್ದ, ಸಾರ್ ನಾವು 140 ಕೋಟಿ ಜನ ಇದೀವಲ್ಲ, ಕೊರಿಯಾದವ್ರನ್ನ ಜಪಾನ್‌ನವ್ರನ್ನ ತಗೊಂಡು ಅಲ್ಲೆಲ್ಲಾ ಜೆರ್ಸಿ ಮಾರ್ತಾರಂತೆ, ಹಂಗೇ ನಮ್ಮಲ್ಲಿ ಮಾರೋಕಾದ್ರೂ ಯಾವ್ದಾದ್ರೂ ಇಂಗ್ಲೆಂಡ್ ಕ್ಲಬ್ ನಮ್ಮಲ್ಲೊಬ್ಬನ್ನ ತಗೊಳ್ಳಲ್ವಾ ಅಂತ. ಏನ್ ಹೇಳ್ಬೇಕೋ ಗೊತ್ತಾಗ್ಲಿಲ್ಲ. ಹೌದು ಅಂದ್ರೆ ಆಟ ಸುಮಾರಾಗಿದ್ರೂ ನಡಿಯುತ್ತೆ ಅಂದ್ಕೋತಾನೆ, ಇಲ್ಲ ಅಂದ್ರೆ ಆಸೆನೇ ಬಿಡ್ತಾನೇನೋ ಅಂತ ಭಯ. ಕೊರಿಯಾದ ಪಾರ್ಕ್ ಜಿ-ಸುಂಗ್ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದಾಗ "ಶರ್ಟ್ ಮಾರೋಕೆ ಬಂದವ್ನು" ಅಂತ ಜನ ಮಾತಾಡ್ತಿದ್ದಿದ್ದು ನಂಗೂ ನೆನಪಿದೆ. ಅದ್ರಲ್ಲಿ ನಿಜ ಎಷ್ಟು? ಈ ಲೆಕ್ಕಾಚಾರ ನಿಜವಾಗ್ಲೂ ಹೆಂಗೆ ನಡಿಯುತ್ತೆ? ಗೊತ್ತಿರೋರು ದಯವಿಟ್ಟು ಹೇಳಿ, ಮುಂದಿನ ಭಾನುವಾರ ಅವನಿಗೆ ಉತ್ತರ ಕೊಡ್ಬೇಕು.

ಕುಡ್ಲ_ಲೆಫ್ಟ್‌ಬ್ಯಾಕ್:
ಕೋಚ್ ಸರ್, ಮೊದಲು ಲೆಕ್ಕ ಒಂದು ಹಾಕುವ. ಕೊರಿಯಾದ ಸನ್ ಹ್ಯುಂಗ್-ಮಿನ್ 2015ರಲ್ಲಿ ಇಂಗ್ಲೆಂಡಿನ ಟಾಟನ್‌ಹ್ಯಾಮ್‌ಗೆ ಬಂದದ್ದು ಸುಮಾರು 2.2 ಕೋಟಿ ಪೌಂಡಿಗೆ. ಒಂದು ಜೆರ್ಸಿ ಅಂಗಡಿಯಲ್ಲಿ 60 ಪೌಂಡ್ ಅಂತ ಹಿಡ್ಕೊಳ್ಳಿ, ಹೋಲ್‌ಸೇಲ್ ರೇಟು ಅದರ ಅರ್ಧ, ಅಂದ್ರೆ 30. ಅದರಲ್ಲಿ ಕ್ಲಬ್ಬಿಗೆ ರಾಯಲ್ಟಿ ಸಾಮಾನ್ಯವಾಗಿ 10-15 ಪರ್ಸೆಂಟ್, ಯಾಕಂದ್ರೆ ಹೊಲಿಸುವುದು, ಸಾಗಿಸುವುದು, ಮಾರುವುದು ಎಲ್ಲ ನೈಕಿ, ಅಡಿಡಾಸ್‌ನಂಥ ಕಂಪನಿಗಳದ್ದು ಮಾರಾಯ್ರೆ, ಕ್ಲಬ್ಬಿನದ್ದಲ್ಲ. 15 ಅಂತಲೇ ಇಟ್ಟರೂ ಜೆರ್ಸಿಗೆ ನಾಲ್ಕೂವರೆ ಪೌಂಡ್. 2.2 ಕೋಟಿ ವಾಪಸ್ ಬರ್ಬೇಕಾದ್ರೆ ಹತ್ರಹತ್ರ 49 ಲಕ್ಷ ಜೆರ್ಸಿ ಮಾರಬೇಕು! ಅವನ ಸಂಬಳ ಬೇರೆ. ಹಾಗಾಗಿ ಶರ್ಟ್ ಮಾರಿ ಪ್ಲೇಯರ್ ಖರ್ಚು ತೆಗೆದ್ರು ಅನ್ನುವ ಮಾತು ಯಾರೇ ಹೇಳಿದ್ರೂ ನಂಬ್ಬೇಡಿ.

ಟಿವಿ ದುಡ್ಡು ಬರ್ತದಲ್ಲ ಅಂತ ಕೆಲವರು ಕೇಳ್ತಾರೆ. ಪ್ರೀಮಿಯರ್ ಲೀಗಿನಲ್ಲಿ ಹೊರದೇಶದ ಟಿವಿ ದುಡ್ಡನ್ನು 2019ರವರೆಗೆ 20 ಕ್ಲಬ್ಬಿಗೂ ಸಮಾ ಹಂಚ್ತಾ ಇದ್ರು, ಅದರ ನಂತರ ಜಾಸ್ತಿಯಾದ ಭಾಗ ಮಾತ್ರ ಟೇಬಲ್‌ನಲ್ಲಿ ಎಷ್ಟನೇ ಸ್ಥಾನ ಅನ್ನುವುದರ ಮೇಲೆ. ಒಂದು ಕ್ಲಬ್ ಕೊರಿಯಾದವನನ್ನು ತಂದು ಕೊರಿಯಾದಲ್ಲಿ ಟಿವಿ ರೇಟ್ ಏರಿದ್ರೆ ಅದರ ಲಾಭ ಎದುರಾಳಿಗಳಿಗೂ ಹೋಗ್ತದೆ. ಉಳಿಯುವುದು ಸ್ಪಾನ್ಸರು ಮತ್ತೆ ಟೂರು. ಅಲ್ಲಿ ದುಡ್ಡು ಉಂಟು, ಅದು ನಿಜ. ಪಾರ್ಕ್ 2005ರಲ್ಲಿ ಬಂದ, 2007ರಲ್ಲಿ ಕೊರಿಯಾದ ಟೈರ್ ಕಂಪನಿ ಕುಮ್ಹೋ ಯುನೈಟೆಡ್‌ಗೆ ಸ್ಪಾನ್ಸರ್ ಆಯ್ತು, ಅದೇ ವರ್ಷ ಟೀಮ್ ಸಿಯೋಲ್‌ಗೆ ಹೋಗಿ ಮ್ಯಾಚ್ ಆಡಿತು. ಆದ್ರೆ ಇದೆಲ್ಲ ಆದದ್ದು ಅವ ಆಡಿ ತೋರಿಸಿದ ಮೇಲೆ.

ಧಾರವಾಡ_ನಂಬರ್10:
ಪೂರ್ತಿ ಸುಳ್ಳು ಅಂತ ತಳ್ಳಿಹಾಕಬ್ಯಾಡ್ರಿ. ರೊಕ್ಕದ ಲೆಕ್ಕ ಹಾಕೇ ಕರಕೊಂಡು ಹೋಗಿದ್ದು ಅದಾವ. 1994ರಾಗ ಜಪಾನಿನ ಕಜುಯೋಶಿ ಮಿಯುರಾ ಇಟಲಿಯ ಜಿನೋವಾಕ್ಕ ಹೋದ, ಆ ಕ್ಲಬ್ಬಿನ ಅಂಗಿ ಮ್ಯಾಲೆ ಜಪಾನಿನ ಕೆನ್‌ವುಡ್ ಕಂಪನಿ ಹೆಸರು ಬಂತು. ಮಿಲಾನ್ ಜೋಡಿ ಮೊದಲನೇ ಮ್ಯಾಚಿನಾಗ ಅವರ ಡಿಫೆಂಡರ್ ಬರೇಸಿಗೆ ಡಿಕ್ಕಿ ಹೊಡದು ಮೂಗು ಮುರಕೊಂಡ, ಇಡೀ ಸೀಸನ್ನಿಗೆ ಒಂದ ಗೋಲು, ಮುಂದಿನ ವರ್ಷ ವಾಪಸ್. 2002ರಾಗ ಇಂಗ್ಲೆಂಡಿನ ಎವರ್ಟನ್‌ಗೆ ಚೀನಾದ ಮೊಬೈಲ್ ಕಂಪನಿ ಕೆಜಿಯಾನ್ ಸ್ಪಾನ್ಸರ್ ಆತು, ಜೋಡಿಲೇ ಲೀ ಟೀ, ಲೀ ವೇಫೆಂಗ್ ಅಂತ ಇಬ್ಬರು ಚೀನಾ ಹುಡುಗರು ಬಂದ್ರು. ಇದನ್ನ ಆಟ ನೋಡೇ ತಗೊಂಡ್ರು ಅಂತ ಹೆಂಗ ಅನ್ನೂದ್ರಿ?

ಆದ್ರ ಮುಂದ ಏನಾತು ನೋಡ್ರಿ. ಲೀ ಟೀ ಮಿಡ್‌ಫೀಲ್ಡಿನಾಗ ಕಷ್ಟಪಟ್ಟು ಆಡಿ ಮೊದಲ ಸೀಸನ್ನಿನಾಗ ಲೀಗಿನ 29 ಮ್ಯಾಚ್ ಆಡಿದ. ಲೀ ವೇಫೆಂಗ್ ಲೀಗಿನಾಗ ಒಂದ ಮ್ಯಾಚ್ ಆಡಿ ಹೊಂಟ. ಇಬ್ಬರೂ ಬಂದಿದ್ದು ಒಂದ ಬಾಗಲದಿಂದ ಖರೆ, ಆದ್ರ ಒಳಗ ನಿಂತಿದ್ದು ಒಬ್ಬನ.

ನನಗ ಭಾಳ ಸಂಕಟ ಆಗೂದು ಚೀನಾದ ಡಾಂಗ್ ಫಾಂಗ್ಜುವೋ ಕತಿ ನೆನೆಸಿಕೊಂಡ್ರ. 2004ರಾಗ ಡಾಲಿಯನ್‌ದಿಂದ ಯುನೈಟೆಡ್ ತಗೊಂಡಿತ್ತು, ಇನ್ನೂ 19 ತುಂಬಿರಲಿಲ್ಲ ಅವಗ. ಇಂಗ್ಲೆಂಡಿನ ವರ್ಕ್ ಪರ್ಮಿಟ್ ಸಿಗಲಿಲ್ಲ ಅಂತ ಬೆಲ್ಜಿಯಂನ ಆಂಟ್‌ವರ್ಪ್‌ಗೆ ಲೋನ್ ಮ್ಯಾಲೆ, ಅಂದ್ರ ಎರವಲು ಆಟಗಾರ ಆಗಿ, ಕಳಿಸಿದ್ರು. ಅಲ್ಲಿ ಗೋಲು ಹೊಡದ, ಚಲೋನ ಆಡಿದ. ಕಡೀಕ 2007ರ ಮೇನಾಗ ಚೆಲ್ಸಿ ಜೋಡಿ ಒಂದ ಲೀಗ್ ಮ್ಯಾಚ್, 2008ರಾಗ ಬಿಟ್ಟಬಿಟ್ರು. ಅವನ ಹೆಸರು ತಗದ್ರ ಇವತ್ತಿಗೂ ಜನ ಶರ್ಟ್ ಮಾರಲಿಕ್ಕೆ ಬಂದಾಂವ ಅಂತಾರ. ನಾಕು ವರ್ಷ ಕಾದು ಕಾದು ಹಣ್ಣಾದ ಹುಡುಗಗ ಆ ಹೆಸರು ಅಂಟಿಸಬಾರದಿತ್ರಿ. ನಿಮ್ಮ ಹುಡುಗಗ ಇದನ್ನೂ ಹೇಳ್ರಿ ಕೋಚ್.

ಹೀಟ್‌ಪ್ರೆಸ್_ಶಿವು:
ನಮ್ದು ಜೆರ್ಸಿ ಪ್ರಿಂಟಿಂಗ್ ಅಂಗಡಿ ಗುರು, 11 ವರ್ಷ ಆಯ್ತು, ಅದಕ್ಕೆ ಇಂಡಿಯಾ ಮಾರ್ಕೆಟ್ ಬಗ್ಗೆ ನಾನೊಂದ್ ಮಾತು ಹೇಳ್ತೀನಿ. 2023ರಲ್ಲಿ ಮೆಸ್ಸಿ ಇಂಟರ್ ಮಯಾಮಿಗೆ ಹೋದಾಗ ಒಂದೇ ವಾರದಲ್ಲಿ ಪಿಂಕ್ ಜೆರ್ಸಿ ಕೇಳ್ಕೊಂಡು ಸ್ಕೂಲ್ ಹುಡುಗ್ರು, ಕಾಲೇಜ್ ಹುಡುಗ್ರು, ಒಬ್ರು ಅಜ್ಜ ಮೊಮ್ಮಗನ್ ಕರ್ಕೊಂಡು, ಹಿಂಗೆ ಜನ ಸಾಲಾಗಿ ಬಂದ್ರು. ಪ್ಲೇನ್ ಪಿಂಕ್ ಬಟ್ಟೆ ಖಾಲಿಯಾಗಿ ತಿರುಪ್ಪೂರಿಂದ ಮತ್ತೆ ತರಿಸ್ದೆ, 10ನೇ ನಂಬರ್ ವಿನೈಲ್ ಕಟ್ ಮಾಡಿ ಮಾಡಿ ಮಷಿನ್ ಬ್ಲೇಡೇ ಹೋಯ್ತು. ಆದ್ರೆ ಅದ್ರಲ್ಲಿ ಒಂದ್ ರೂಪಾಯಿನಾದ್ರೂ ಮಯಾಮಿಗೆ ಹೋಯ್ತಾ? ಇಲ್ಲ. ಒರಿಜಿನಲ್ 5 ಸಾವಿರ ಹೇಳುತ್ತೆ, ನಮ್ ಏರಿಯಾದಲ್ಲಿ ಫಸ್ಟ್ ಕಾಪಿ, ಅಂದ್ರೆ ಒರಿಜಿನಲ್ ಥರಾನೇ ಕಾಣೋ ನಕಲಿ, 400-500ಕ್ಕೆ ಸಿಗುತ್ತೆ, ಆಟೋ ಓಡ್ಸೋ ಅಪ್ಪ ಮಗನಿಗೆ ಯಾವ್ದು ಕೊಡಿಸ್ತಾನೆ ಹೇಳಿ. ನಾನು ಮಾಡ್ತಿರೋದು ಸರಿ ಅಂತ ವಾದ ಮಾಡಲ್ಲ, ಈಗ ಕ್ಲಬ್ ಹೆಸರಿಲ್ದೆ ಲೋಕಲ್ ಟೀಮ್ ಆರ್ಡರ್ ಜಾಸ್ತಿ ತಗೋತಿದೀನಿ. ಆದ್ರೆ 140 ಕೋಟಿ ಅನ್ನೋ ನಂಬರ್ ನೋಡಿ ಯಾವ ಕ್ಲಬ್ಬೂ ಓಡಿ ಬರಲ್ಲ, ಅದ್ರಲ್ಲಿ ಒರಿಜಿನಲ್ ತಗೊಳ್ಳೋರು ಎಷ್ಟು ಜನ ಅಂತ ಅವ್ರಿಗೆ ನಮ್ಮಷ್ಟೇ ಚೆನ್ನಾಗಿ ಗೊತ್ತು.

ಸುವೋನ್_ಕನ್ನಡಿಗ:
ನಾನು ಕೊರಿಯಾದ ಸುವೋನ್‌ನಲ್ಲಿ ಕೆಲ್ಸ ಮಾಡ್ತಿದೀನಿ, ಪಾರ್ಕ್ ಜಿ-ಸುಂಗ್ ಬೆಳೆದ ಊರೇ ಇದು. ಇಲ್ಲಿಂದ ಕಂಡಿದ್ದು ಹೇಳ್ತೀನಿ. ನಮ್ ಟೀಮ್‌ನಲ್ಲಿ ಒಬ್ಬ ಟಾಟನ್‌ಹ್ಯಾಮ್ ಅಂದ್ರೆ ಪ್ರಾಣ ಬಿಡ್ತಿದ್ದ, ಮ್ಯಾಚ್ ಇಲ್ಲಿ ರಾತ್ರಿ 11-12ಕ್ಕೆ, ಬೆಳಗ್ಗೆ ಮೀಟಿಂಗ್‌ಗೆ ಕಣ್ಣು ಕೆಂಪಗಿಟ್ಕೊಂಡು ಬರ್ತಿದ್ದ. 2025ರ ಆಗಸ್ಟಲ್ಲಿ ಸನ್ ಅಮೆರಿಕದ ಎಲ್‌ಎಎಫ್‌ಸಿಗೆ ಹೋದ. ಈಗ ಇವ್ನು ಭಾನುವಾರ ಬೆಳಗ್ಗೆ 11ಕ್ಕೆ ಎಲ್‌ಎಎಫ್‌ಸಿ ಮ್ಯಾಚ್ ನೋಡ್ತಾನೆ, ಟಾಟನ್‌ಹ್ಯಾಮ್‌ನ ಬಿಳಿ ಜೆರ್ಸಿ ಬೀರುವಲ್ಲಿ ಮಡಚಿಟ್ಟಿದಾನೆ. ಅಂದ್ರೆ ಅಭಿಮಾನ ಇದ್ದಿದ್ದು ಸನ್ ಮೇಲೆ, ಕ್ಲಬ್ಬಿಗೆ ಅದು ಸ್ವಲ್ಪ ದಿನ ಸಿಕ್ತು ಅಷ್ಟೇ. ಹತ್ತು ವರ್ಷ ಆಡಿದ ಮೇಲೂ ಹಿಂಗೆ ಅಂದ್ರೆ, ಬೆಂಚ್ ಮೇಲೆ ಕೂರಿಸೋಕೆ ತಂದವ್ನಿಂದ ಯಾವ ಮಾರ್ಕೆಟ್ ಸಿಗುತ್ತೆ?

ಪಾರ್ಕ್ ಬಗ್ಗೆ ಇಲ್ಲಿ ಹಿರಿಯರು ಇನ್ನೂ ಮನಸ್ಸು ನೋಯಿಸ್ಕೊಳ್ಳೋದು 2008ರ ಚಾಂಪಿಯನ್ಸ್ ಲೀಗ್ ಫೈನಲ್ ವಿಷಯಕ್ಕೆ. ಬಾರ್ಸಿಲೋನಾ ವಿರುದ್ಧ ಸೆಮಿಫೈನಲ್ ಆಡಿ ಗೆಲ್ಲಿಸಿದವ್ನನ್ನ ಮಾಸ್ಕೋ ಫೈನಲ್‌ಗೆ ಯುನೈಟೆಡ್ ಮ್ಯಾನೇಜರ್ ಫರ್ಗ್ಯುಸನ್ ಬೆಂಚಿಗೂ ಹಾಕ್ಲಿಲ್ಲ. ಜೆರ್ಸಿ ಮಾರೋದೇ ಉದ್ದೇಶ ಆಗಿದ್ರೆ ಇಡೀ ಏಷ್ಯಾ ನೋಡ್ತಿರೋ ರಾತ್ರಿ ಅವ್ನನ್ನ ಹೊರಗಿಡ್ತಿದ್ರಾ? ಮುಂದಿನ ವರ್ಷ ಆಡ್ಸಿದ್ರು, ಚಾಂಪಿಯನ್ಸ್ ಲೀಗ್ ಫೈನಲ್ ಆಡಿದ ಮೊದಲ ಏಷ್ಯನ್ ಆದ. ಎರಡೂ ಸಲ ಆಟದ ಲೆಕ್ಕನೇ. ನಿಮ್ ಹುಡುಗನಿಗೆ ಟೈಮ್ ಇದ್ರೆ 2010ರಲ್ಲಿ ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ಮಿಲಾನ್ ವಿರುದ್ಧ ಆಡಿದ ಮ್ಯಾಚ್ ತೋರ್ಸಿ, 4-0 ಗೆದ್ದಿದ್ದು, ಮಿಲಾನ್ ಮಿಡ್‌ಫೀಲ್ಡರ್ ಪಿರ್ಲೋ ಹಿಂದೆ ನೆರಳಿನ ಥರ ಹೋಗಿದಾನೆ.

ಕುಡ್ಲ_ಲೆಫ್ಟ್‌ಬ್ಯಾಕ್:
ಧಾರವಾಡದವ್ರು ವರ್ಕ್ ಪರ್ಮಿಟ್ ಅಂದ್ರಲ್ಲ, ನಮ್ಮವರಿಗೆ ಅದೇ ದೊಡ್ಡ ಗೋಡೆ. ಸುನಿಲ್ ಛೇಟ್ರಿಯನ್ನ 2009ರಲ್ಲಿ ಇಂಗ್ಲೆಂಡಿನ ಕ್ಲಬ್ ಕ್ವೀನ್ಸ್ ಪಾರ್ಕ್ ರೇಂಜರ್ಸ್ ತಗೊಳ್ಳಲಿಕ್ಕೆ ತಯಾರಿತ್ತು, ಇಂಡಿಯಾ ಫಿಫಾ ರ‍್ಯಾಂಕಿಂಗ್‌ನಲ್ಲಿ ಮೊದಲ 70ರ ಒಳಗೆ ಇಲ್ಲ ಅಂತ ಪರ್ಮಿಟ್ ಕೊಡಲಿಲ್ಲ. ಕ್ಲಬ್ಬಿಗೆ ಮನಸ್ಸಿದ್ರೂ ಆಗಲಿಲ್ಲ ನೋಡಿ. ಈಗ ಪಾಯಿಂಟ್ ಲೆಕ್ಕ ಬಂದಿದೆ, ಅದರಲ್ಲೂ ದೇಶದ ರ‍್ಯಾಂಕಿಂಗ್ ನೋಡ್ತಾರೆ, ನಾವು 100ರ ಆಚೆ. ಮತ್ತೆ ಇಂಗ್ಲೆಂಡೇ ಯಾಕೆ? ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ನಾರ್ವೆಯ ಸ್ಟಾಬೆಕ್‌ಗೆ ಹೋಗಿ ಯುರೋಪಾ ಲೀಗ್ ಕ್ವಾಲಿಫೈಯಿಂಗ್ ಆಡಿ ಬಂದ, ಆಮೇಲೆ ನಮ್ಮ ಬೆಂಗಳೂರು ಎಫ್‌ಸಿ ಗೋಲ್ ಕಾದ. ಅಲ್ಲಿ ಯಾರೂ ಜೆರ್ಸಿ ಲೆಕ್ಕ ಹಾಕಲಿಲ್ಲ.

ಗೌತಮಪುರ_ಕೋಚ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಹುಡುಗ್ರನ್ನ ಮರದ ಕೆಳಗೆ ಕೂರಿಸ್ಕೊಂಡು ಡಾಂಗ್ ಕತೆ, ಛೇಟ್ರಿ ಕತೆ ಎರಡೂ ಹೇಳ್ದೆ, 49 ಲಕ್ಷ ಜೆರ್ಸಿ ಲೆಕ್ಕ ಅವ್ರ ಕೈಯಲ್ಲೇ ಮಾಡಿಸ್ದೆ. ಆಮೇಲೆ ಫೋನಲ್ಲಿ ಆ ಮಿಲಾನ್ ಮ್ಯಾಚ್ ಹಾಕ್ದೆ, ಹನ್ನೊಂದು ಜನ ಒಂದು ಫೋನ್ ಸುತ್ತ. ಪ್ರಶ್ನೆ ಕೇಳಿದ್ದ ಹುಡುಗ ಸುಮಾರ್ ಹೊತ್ತು ಸುಮ್ನೆ ನೋಡಿ, ಸಾರ್ ಇವ್ರು ಬಾಲ್ ಕಡೆ ನೋಡ್ತಾನೇ ಇಲ್ವಲ್ಲ, ಆ ಪ್ಲೇಯರ್‌ನೇ ನೋಡ್ತಿದಾರೆ, ಅಂದ. ಹೌದು ಕಣೋ ಅಂದೆ. ಫೋನ್ ವಾಪಸ್ ಕೊಡ್ದೆ ಇನ್ನೊಂದ್ ಸಲ ಮೊದಲಿಂದ ಹಾಕ್ಕೊಂಡ. ಮುಂದಿನ ವಾರ ನಮ್ ಮಿಡ್‌ಫೀಲ್ಡರ್ ಹಿಂದೆ ಇವನನ್ನೇ ಬಿಡ್ತೀನಿ.