ಮಳೆಗಾಲದ ಅಡಿಕೆ ತೋಟಕ್ಕೆ ವೈರ್‌ಲೆಸ್ ಜಾಲ: ಶಕ್ತಿ ಎಲ್ಲಿಂದ ತರಬೇಕು?

ಪ್ರಶ್ನೆ: ತುಂಗಾತೀರ

ನಮಸ್ಕಾರ. ಪರಿಸರದಿಂದಲೇ ವಿದ್ಯುತ್ತನ್ನು ಸಂಗ್ರಹಿಸಿಕೊಂಡು ನಡೆಯುವ ವೈರ್‌ಲೆಸ್ ಜಾಲಗಳ ಬಗ್ಗೆ, ಅಂದರೆ ಎನರ್ಜಿ ಹಾರ್ವೆಸ್ಟಿಂಗ್ ಕುರಿತು, ನಾನು ಶಿವಮೊಗ್ಗದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟವೊಂದರಲ್ಲಿ ಉಷ್ಣಾಂಶ, ತೇವಾಂಶ ಮತ್ತು ಗೊನೆಯ ಒದ್ದೆತನವನ್ನು ಅಳೆದು, ಕೊಳೆರೋಗಕ್ಕೆ ಅನುಕೂಲವಾದ ಹವೆ ಕಾಣಿಸಿದೊಡನೆ ಬೆಳೆಗಾರರಿಗೆ ತಿಳಿಸುವ ಜಾಲವನ್ನು ರೂಪಿಸುವ ಆಸೆಯಿದೆ. ಸಂಪರ್ಕಕ್ಕೆ ಪರವಾನಗಿ ಬೇಡದ 865–867 ಮೆಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಲೋರಾ (ಕಡಿಮೆ ಶಕ್ತಿಯಲ್ಲಿ ಚಿಕ್ಕ ಸಂದೇಶಗಳನ್ನು ದೂರಕ್ಕೆ ಕಳುಹಿಸುವ ರೇಡಿಯೋ ತಂತ್ರ) ಬಳಸುತ್ತೇನೆ. ಸೋಗೆಯ ನೆರಳಿನಲ್ಲಿ ಸೌರಫಲಕ ಕೆಲಸ ಮಾಡುವುದು ಅನುಮಾನವಾದ್ದರಿಂದ, ಎಲ್ಲ ಸೆನ್ಸರ್‌ಗಳ ಸಂದೇಶಗಳನ್ನು ಒಟ್ಟುಗೂಡಿಸುವ ಗೇಟ್‌ವೇಯಿಂದಲೇ ರೇಡಿಯೋ ಅಲೆಗಳ ಮೂಲಕ ಸೆನ್ಸರ್‌ಗಳಿಗೆ ಶಕ್ತಿ ಕಳುಹಿಸಬಹುದೇ? ಹಾಗೆಯೇ, ಹಲವು ಪ್ರಬಂಧಗಳು ಒಂದೊಂದು ಕಾಲಘಟ್ಟದಲ್ಲಿ ಸಿಗುವ ಶಕ್ತಿಯನ್ನು ಹಿಂದಿನದಕ್ಕೆ ಸಂಬಂಧವಿಲ್ಲದ್ದೆಂದು ಭಾವಿಸುತ್ತವೆ. ನಮ್ಮ ಆಷಾಢಕ್ಕೆ ಅದು ಹೊಂದುತ್ತದೆಯೇ?

ಉತ್ತರ: ಆಂಟೆನಾ ಕಟ್ಟೆ

ಮೊದಲ ಪ್ರಶ್ನೆಗೆ ಲೆಕ್ಕವೇ ಉತ್ತರ ಹೇಳುತ್ತದೆ. 1 ವ್ಯಾಟ್ ಪ್ರಸಾರ ಮಾಡಿ, ಎರಡೂ ಆಂಟೆನಾಗಳ ಗೇನ್ (ಒಂದೇ ದಿಕ್ಕಿಗೆ ಶಕ್ತಿಯನ್ನು ಕೇಂದ್ರೀಕರಿಸುವ ಪ್ರಮಾಣ) 1 ಎಂದು ಹಿಡಿದರೆ, ತೆರೆದ ಬಯಲಿನಲ್ಲಿ 10 ಮೀಟರ್ ದೂರಕ್ಕೆ ತಲುಪುವುದು ಸುಮಾರು 7.5 ಮೈಕ್ರೋವ್ಯಾಟ್. ದೂರದ ವರ್ಗಕ್ಕೆ ಅನುಗುಣವಾಗಿ ಇಳಿಯುವುದರಿಂದ 100 ಮೀಟರ್‌ಗೆ ಅದು 0.075 ಮೈಕ್ರೋವ್ಯಾಟ್ ಆಗುತ್ತದೆ. ಒಂದು ಸೆಕೆಂಡಿನ ಲೋರಾ ಸಂದೇಶಕ್ಕೆ 100 ಮಿಲಿವ್ಯಾಟ್‌ನಂತೆ 0.1 ಜೂಲ್ ಬೇಕೆಂದರೆ, ಒಂದು ಹನಿಯೂ ಸೋರದಿದ್ದರೂ ಅಷ್ಟನ್ನು ಕೂಡಿಡಲು 10 ಮೀಟರ್‌ನಲ್ಲಿ ಮೂರೂವರೆ ಗಂಟೆಗಿಂತ ಹೆಚ್ಚು, 100 ಮೀಟರ್‌ನಲ್ಲಿ ಹದಿನೈದು ದಿನ ಹಿಡಿಯುತ್ತದೆ. ವಾಸ್ತವದಲ್ಲಿ ಇಷ್ಟು ಕ್ಷೀಣ ಸಂಕೇತಕ್ಕೆ, ಅಲೆಯನ್ನು ನೇರ ವಿದ್ಯುತ್ತಾಗಿಸುವ ರೆಕ್ಟಿಫೈಯರ್‌ನ ಡಯೋಡ್ ಸರಿಯಾಗಿ ತೆರೆದುಕೊಳ್ಳುವುದೇ ಇಲ್ಲ. ಈ ಆವರ್ತನದಲ್ಲಿ ಮಳೆಹನಿಗಳಿಂದ ಹೇಳಿಕೊಳ್ಳುವಂಥ ನಷ್ಟವಿಲ್ಲ. ಆದರೆ ನೆನೆದ ಎಲೆಗಳ ದಟ್ಟಣೆ ಸಂಕೇತವನ್ನು ಇನ್ನಷ್ಟು ಕುಗ್ಗಿಸುತ್ತದೆ. ಒಂದೇ ಅಲೆಯಲ್ಲಿ ಮಾಹಿತಿಯನ್ನೂ ಶಕ್ತಿಯನ್ನೂ ಸಾಗಿಸುವುದರ ಮಿತಿಗಳನ್ನು ಲವ್ ವಾರ್ಶ್ನೇಯ ಅವರು 2008ರಲ್ಲಿ ಗಣಿತದ ಮೂಲಕ ತೋರಿಸಿದ ಮೇಲೆ ಆ ಕ್ಷೇತ್ರ ಬಹಳ ಬೆಳೆದಿದೆ. ಆದರೆ ಅದರ ಪ್ರಯೋಜನ ಹತ್ತಿರದ ದೂರಗಳಿಗೆ, ತೋಟದ ಉದ್ದಗಲಕ್ಕಲ್ಲ.

ಉತ್ತರ: ಸರಾಸರಿ

ನಿಮ್ಮ ಎರಡನೆಯ ಪ್ರಶ್ನೆಯೇ ಪ್ರಬಂಧದ ತಿರುಳಾಗಬಲ್ಲದು. ಭಾರತೀಯ ವಿಜ್ಞಾನ ಸಂಸ್ಥೆಯ ವಿನೋದ್ ಶರ್ಮಾ ಮತ್ತು ಸಂಗಡಿಗರ 2010ರ ಪ್ರಬಂಧವನ್ನು ದಯವಿಟ್ಟು ಓದಿ. ಸಂಗ್ರಹಣೆಗೆ ಮಿತಿಯಿಲ್ಲವೆಂದು ಹಿಡಿದರೆ, ಒಂದು ದಿನದ ಶಕ್ತಿ ಮರುದಿನದ್ದಕ್ಕೆ ಸಂಬಂಧಿಸಿದ್ದರೂ ಕೊನೆಗೆ ನಿರ್ಣಾಯಕವಾಗುವುದು ದೀರ್ಘಕಾಲದ ಸರಾಸರಿಯೇ. ಹಾಗಾಗಿ ಸ್ವತಂತ್ರವೋ ಅಲ್ಲವೋ ಎಂಬುದಕ್ಕಿಂತ, ಮೋಡ ಕವಿದ ದಿನಗಳ ಸರಣಿ ನಿಮ್ಮ ಬ್ಯಾಟರಿಗಿಂತ ಉದ್ದವಾಗಿದೆಯೇ ಎಂಬುದು ಮುಖ್ಯ. ಮಲೆನಾಡಿನಲ್ಲಿ ಇನ್ನೊಂದು ತೊಡಕೂ ಇದೆ: ಬಿಸಿಲು ಕಾಣದ ದಿನಗಳೇ ಕೊಳೆರೋಗದ ದಿನಗಳು, ಮಾಹಿತಿ ಅತ್ಯಗತ್ಯವಾಗುವ ದಿನಗಳು. ಒಟ್ಟು ಎಷ್ಟು ಬಿಟ್ ಕಳುಹಿಸಿದೆವು ಎಂದು ಅಳೆಯುವ ಸೂತ್ರಕ್ಕೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ರೋಗದ ಅಪಾಯವನ್ನೂ ಮಾದರಿಯ ಒಂದು ಸ್ಥಿತಿಯಾಗಿ ಸೇರಿಸಿ, ಪ್ರತಿ ಅಳತೆಯ ಬೆಲೆಯನ್ನು ಅದರ ಮೇಲೆ ನಿರ್ಧರಿಸಬೇಕೆಂಬುದು ನನ್ನ ಅಭಿಪ್ರಾಯ.

ಆದರೆ ಶಕ್ತಿ ಬೇಕಿರುವುದು ಎಲ್ಲಿ ಎಂದೂ ನೋಡಿ. ನಿದ್ರೆಯಲ್ಲಿ 10 ಮೈಕ್ರೋಆಂಪ್ ಎಳೆಯುವ 3.3 ವೋಲ್ಟ್ ಸೆನ್ಸರ್ ಗಂಟೆಗೊಂದು ಸಂದೇಶ ಕಳುಹಿಸಿದರೂ ದಿನಕ್ಕೆ ಐದಾರು ಜೂಲ್ ಸಾಕು. ಚಿಕ್ಕ ಲಿಥಿಯಂ ಸೆಲ್ ವರ್ಷಗಟ್ಟಲೆ ಬರುತ್ತದೆ. ಗುಡ್ಡ ಅಡ್ಡ ಬಂದಲ್ಲಿ ಸಂದೇಶವನ್ನು ಮುಂದಕ್ಕೆ ದಾಟಿಸಲು ಇಡಬೇಕಾದ ರಿಲೇ ಸದಾ ಕಿವಿಗೊಟ್ಟು ಕೂರಬೇಕು: ಸುಮಾರು 10 ಮಿಲಿಆಂಪ್, ದಿನಕ್ಕೆ 2,850 ಜೂಲ್. ಮೊಬೈಲ್ ಜಾಲಕ್ಕೆ ಜೋಡಿಸುವ ಗೇಟ್‌ವೇಗೆ ಅದಕ್ಕೂ ಎಷ್ಟೋ ಪಟ್ಟು ಹೆಚ್ಚು ಬೇಕು. ನಿಮ್ಮ ಗಣಿತಕ್ಕೆ ನಿಜವಾದ ಕೆಲಸವಿರುವುದು ಅಲ್ಲಿ.

ಉತ್ತರ: ಹಳ್ಳದಂಚಿನ ತೋಟ

ನಾನು ಎಂಜಿನಿಯರ್ ಅಲ್ಲ, ಹೊಸನಗರ ಕಡೆಯ ಬೆಳೆಗಾರ. ಪುಷ್ಯ ಮಳೆ ಹಿಡಿದಾಗ ಫಲಕದ ಮೇಲೆ ಬಿಸಿಲು ಬೀಳುವುದಿಲ್ಲ ನಿಜ, ಆದರೆ ಅದೇ ಮಳೆಯಲ್ಲಿ ಹಳ್ಳ ತುಂಬಿ ಹರಿಯುತ್ತದೆ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಪೈಪು ಎಳೆದು ಸಣ್ಣ ಟರ್ಬೈನ್ ತಿರುಗಿಸುತ್ತಾರೆ. ಸೆಕೆಂಡಿಗೆ ಒಂದು ಲೀಟರ್ ನೀರು 10 ಮೀಟರ್ ಇಳಿದರೆ ಅದರಲ್ಲಿ 98 ವ್ಯಾಟ್ ಇರುತ್ತದೆ. ಅರ್ಧ ಸೋರಿ ಹೋದರೂ ನಿಮ್ಮ ಗೇಟ್‌ವೇಗೆ ಧಾರಾಳವಾಯಿತು. ಕೊಳೆರೋಗ ತಡೆಯುವ ಬೋರ್ಡೋ ದ್ರಾವಣವನ್ನು ಎರಡನೆಯ ಸಲ ಹೊಡೆಸಲು, ಮರ ಹತ್ತುವ ಕೊನೆಗಾರರನ್ನು ಯಾವಾಗ ಕರೆಸಬೇಕೆಂದು ನಾವು ಕಾತರದಿಂದ ಆಕಾಶ ನೋಡುವ ಹೊತ್ತಿಗೇ ಈ ಶಕ್ತಿ ಕೈಗೆ ಸಿಗುತ್ತದೆ. ಮೊದಲ ಮಳೆಯಲ್ಲಿ ದರಕು (ಒಣಗಿದ ಎಲೆ) ಬಂದು ಪೈಪಿನ ಬಾಯಿಯ ಜಾಲರಿಗೆ ಮೆತ್ತಿಕೊಳ್ಳುತ್ತದೆ. ದಿನಾ ಬೆಳಗ್ಗೆ ಕೈಯಾಡಿಸಿ ತೆಗೆಯದಿದ್ದರೆ ನೀರು ನಿಲ್ಲುತ್ತದೆ, ಆದ್ದರಿಂದ ಅದನ್ನು ಮನೆಯ ಹತ್ತಿರವೇ ಇಡಿ. ಬೇಸಿಗೆಯಲ್ಲಿ ಹಳ್ಳ ಸೊರಗುತ್ತದೆ, ಆಗ ಬಿಸಿಲಿದೆ.

ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ರೇಡಿಯೋ ಮೂಲಕ ಶಕ್ತಿ ಕಳುಹಿಸುವ ಯೋಚನೆಯನ್ನು ಕೈಬಿಡುತ್ತೇನೆ. ಗೇಟ್‌ವೇಗೆ ನೀರು ಮತ್ತು ಬಿಸಿಲು ಎರಡನ್ನೂ ಸೇರಿಸಿ, ಗುಡ್ಡದ ಮೇಲಿನ ರಿಲೇಗೆ ಬಿಸಿಲನ್ನು ಮಾತ್ರ ನಂಬಿ ಮಾದರಿ ಬರೆಯುತ್ತೇನೆ. ಸರ್, ನಿಮ್ಮ ಹಳ್ಳದ ಹರಿವು ಆರಿದ್ರಾ ಮಳೆಯಿಂದ ಆಶ್ಲೇಷದವರೆಗೆ ಹೇಗೆ ಬದಲಾಗುತ್ತದೆಂದು ತಿಳಿಯಬೇಕಿದೆ. ಪೈಪಿನ ಕೆಳಗೆ ಬಕೆಟ್ ಹಿಡಿದು, ಅದು ತುಂಬಲು ಬೇಕಾದ ಸೆಕೆಂಡುಗಳನ್ನು ವಾರಕ್ಕೊಮ್ಮೆ ಬರೆದಿಡಲು ಸಾಧ್ಯವೇ?