ಹೋಯಾ 14 ತಿಂಗಳಿಂದ ಹಾಗೇ ಇದೆ, ಬಳ್ಳಿಯೇ ಬರುತ್ತಿಲ್ಲ! ಯಾರಾದರೂ ದಾರಿ ಹೇಳಿ

ಮಲ್ಲಿಗೆಮನೆ:
ತಲೆ ಕೆಟ್ಟುಹೋಗಿದೆ. ಹೋದ ವರ್ಷ ಫೆಬ್ರವರಿಯಲ್ಲಿ ನಮ್ಮ ಯಜಮಾನರು ನರ್ಸರಿಯಿಂದ ಹೃದಯದ ಆಕಾರದ ಎಲೆಯ ಹೋಯಾ ತಂದುಕೊಟ್ಟರು. ಅವತ್ತಿಂದ ಒಂದು ಚಿಗುರೂ ಇಲ್ಲ. ಎಲೆ ದಪ್ಪಗೆ, ಹಸಿರಾಗಿಯೇ ಇದೆ. ಹಳದಿಯಾಗಿಲ್ಲ, ಕೊಳೆತಿಲ್ಲ, ಹುಳವೂ ಇಲ್ಲ. ಎರಡು ಸಲ ಕುಂಡ ಬದಲಾಯಿಸಿದೆ, ಎರೆಗೊಬ್ಬರ ಹಾಕಿದೆ, ಯೂಟ್ಯೂಬ್ ನೋಡಿ ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರೂ ಹಾಕಿದೆ, ಮನೆ ತುಂಬ ಸಣ್ಣ ನೊಣ ಬಂದಿದ್ದೇ ಲಾಭ. ತಂಗಿ ಒಂದು ಕಟಿಂಗ್ ಕೊಡು ಎಂದು ಪ್ರಾಣ ತಿನ್ನುತ್ತಿದ್ದಾಳೆ. ಕತ್ತರಿಸಲು ಬಳ್ಳಿ ಬಂದರೆ ತಾನೆ? ಮನಿಪ್ಲಾಂಟ್, ಜೇಡ್ ಎಲ್ಲ ನನ್ನ ಕೈಯಲ್ಲಿ ಚೆನ್ನಾಗಿಯೇ ಬರುತ್ತವೆ. ಇದೊಂದೇ ಹೀಗೆ.

ಕುಂಡದಗೂಡು:
ಮಣ್ಣಿಗೆ ಏನೇನು ಹಾಕಿದ್ದೀರಿ? ಕೋಕೋಪೀಟ್, ಅದೇ ತೆಂಗಿನ ನಾರಿನ ಪುಡಿ, ಇದೆಯಾ?

ಮಲ್ಲಿಗೆಮನೆ:
ಹೂಂ, ಅರ್ಧ ಕೋಕೋಪೀಟ್, ಅರ್ಧ ಕೆಂಪು ಮಣ್ಣು.

ಕುಂಡದಗೂಡು:
ಅಲ್ಲೇ ಇದೆ ನೋಡಿ. ಹೋಯಾ ಕಾಡಿನಲ್ಲಿ ಮರಕ್ಕೆ ಹಬ್ಬುವ ಬಳ್ಳಿ, ಬೇರಿಗೆ ಗಾಳಿ ಬೇಕು. ನೀವು ಹಾಕಿರುವುದು ಒದ್ದೆ ಸ್ಪಂಜು. ತೊಳೆಯದೆ ಹಾಕಿದ್ದರೆ ಉಪ್ಪೂ ಸೇರಿರುತ್ತದೆ. ಆರ್ಕಿಡ್‌ಗೆ ಹಾಕುವ ತೊಗಟೆ ಚೂರು, ಪರ್ಲೈಟ್ ಎನ್ನುವ ಹಗುರ ಬಿಳಿ ಹರಳು, ಸ್ವಲ್ಪ ಇದ್ದಿಲು ಸೇರಿಸಿ ಇವತ್ತೇ ಬದಲಾಯಿಸಿ.

ಮಳೆಗಾಲ:
ಎಂತ ಮಾರಾಯ್ರೆ, ಎಲ್ಲದಕ್ಕೂ ಕೋಕೋಪೀಟ್‌ಗೇ ಬೈಯುವುದಾ? ಹೋದ ವಾರ ಗುಲಾಬಿ ಕೇಳಿದವರಿಗೂ ಇದನ್ನೇ ಹೇಳಿದ್ರಿ. ಬೇರು ಕೊಳೆತಿದ್ದರೆ ಎಲೆ ಮೆತ್ತಗಾಗಿ ಸುಕ್ಕಾಗುತ್ತಿತ್ತು. ಇದು ಬೆಳಕಿನ ಕತೆ. ಮೇಡಂ, ಯಾವ ಕಿಟಕಿ?

ಮಲ್ಲಿಗೆಮನೆ:
ಪೂರ್ವದ್ದು. ಬೆಳಗ್ಗೆ ಎರಡು ಗಂಟೆ ಬಿಸಿಲು ಬೀಳುತ್ತದೆ.

ಮಳೆಗಾಲ:
ಅಷ್ಟು ಧಾರಾಳ ಸಾಕು. ಹಾಗಾದರೆ ಬೆಳಕಲ್ಲ.

ಕುಂಡದಗೂಡು:
ಹೇಳಿದೆನಲ್ಲ, ಕೋಕೋಪೀಟ್.

ಹಿತ್ತಲಗಿಡ:
ಬುಡಕ್ಕೆ ಚಿಟಿಕೆ ಚಕ್ಕೆ ಪುಡಿ ಹಾಕಿ ನೋಡಿ. ಬೇರು ಜೋರಾಗಿ ಬರುತ್ತದೆ, ನಾನು ಎಲ್ಲ ಕಟಿಂಗ್‌ಗೂ ಹಾಕುವುದು ಅದನ್ನೇ.

ಮಳೆಗಾಲ:
ಚಕ್ಕೆ ಬೂಷ್ಟು ತಡೆದೀತು. ಬೇರು ಬರಿಸುವುದು ಐಬಿಎ ಎಂಬ ಹಾರ್ಮೋನ್ ಇರುವ ರೂಟಿಂಗ್ ಪುಡಿ. ಎರಡೂ ಒಂದೇ ಅಲ್ಲ.

ಹಿತ್ತಲಗಿಡ:
ನಮ್ಮಜ್ಜಿ ದಾಸವಾಳದ ಕಡ್ಡಿ ತುದಿಗೆ ಸಗಣಿ ಮೆತ್ತಿ ನೆಡುತ್ತಿದ್ದರು. ಐಬಿಎ ಎಲ್ಲಿತ್ತು ಆಗ? ಬೇಲಿ ತುಂಬ ದಾಸವಾಳ ಬಂದಿರಲಿಲ್ವಾ?

ಮಳೆಗಾಲ:
ದಾಸವಾಳಕ್ಕೆ ಏನೂ ಮೆತ್ತದಿದ್ದರೂ ಬರುತ್ತದೆ.

ಕಳ್ಳಿಕಪಾಟು:
ನಾನು ಇದೆಲ್ಲ ಬಿಟ್ಟು ಎಲ್‌ಇಡಿ ಹಾಕಿಸಿದೆ. ನಾಲ್ಕು ಅಂತಸ್ತಿನ ಕಪಾಟು, ಟೈಮರ್, ದಿನಕ್ಕೆ 12 ಗಂಟೆ ಬೆಳಕು, ಚಿಕ್ಕ ಫ್ಯಾನ್ ಬೇರೆ. ಈಗ ಒಂದೊಂದು ಟ್ರೇಯಲ್ಲಿ 60 ಎಚೆವೆರಿಯಾ (ದಪ್ಪ ಎಲೆಯ ಪುಟ್ಟ ಗಿಡ) ಎಲೆ, ಎಲ್ಲದರ ಬುಡದಲ್ಲೂ ಗುಲಾಬಿ ಬಣ್ಣದ ಬೇರು. ಮಳೆಗಾಲದಲ್ಲೂ ಒಂದೂ ಕೊಳೆಯಲಿಲ್ಲ. ಕಿತ್ತ ಎಲೆಯನ್ನು ನಾಲ್ಕೈದು ದಿನ ಒಣಗಲು ಬಿಡಬೇಕು, ಗಾಯ ಮುಚ್ಚುವ ತನಕ ನೀರು ಮುಟ್ಟಿಸಬಾರದು. ಫೋಟೋ ಹಾಕಲಾ?

ಕುಂಡದಗೂಡು:
ಟ್ರೇಯಲ್ಲಿ ಏನು ಹಾಕಿದ್ದೀರಿ? ಕೋಕೋಪೀಟ್ ಅಲ್ಲ ತಾನೆ?

ಕಬ್ಬಿನಗದ್ದೆ:
ಅಕ್ಕಾ, ಇವರ ಜಗಳ ಇರಲಿ. ಗಿಡದಲ್ಲಿ ಎಷ್ಟು ಎಲೆ ಇವೆ?

ಮಲ್ಲಿಗೆಮನೆ:
ಎಷ್ಟು ಎಂದರೆ? ಒಂದು. ಅದು ಹಾಗೇ ಅಲ್ವಾ ಬರುವುದು, ಕುಂಡದಲ್ಲಿ ನೆಟ್ಟಗೆ ಒಂದು ಹೃದಯ? ನರ್ಸರಿಯಲ್ಲಿ ಸಾಲಾಗಿ ಎಲ್ಲವೂ ಹಾಗೇ ಇದ್ದವಂತೆ.

ಮಳೆಗಾಲ:
ಅಯ್ಯೋ ದೇವರೇ. "ಎಲೆ ಹಸಿರಾಗಿದೆ" ಎಂದು ನೀವು ಬರೆದರೆ ನಾವು ಹತ್ತಿಪ್ಪತ್ತು ಎಲೆ ಎಂದುಕೊಂಡೆವು!

ಕಬ್ಬಿನಗದ್ದೆ:
ಅದು ಬೆಳೆಯುವುದಿಲ್ಲ ಅಕ್ಕಾ. ನಿಮ್ಮ ತಪ್ಪಲ್ಲ. ಅದು ಗಿಡವೇ ಅಲ್ಲ, ಬೇರು ಬಿಟ್ಟ ಎಲೆ. ನಮ್ಮ ಕಡೆ ಕಬ್ಬು ನೆಡುವಾಗ ಎರಡು ಕಣ್ಣು, ಮೂರು ಕಣ್ಣಿನ ತುಂಡು ಎಂದು ಎಣಿಸಿ ಕಡಿಯುತ್ತೇವೆ. ಗಿಣ್ಣಿನಲ್ಲಿ ಇರುವ ಆ ಕಣ್ಣೇ ಚಿಗುರುವುದು. ಕಣ್ಣಿಲ್ಲದ ತುಂಡನ್ನು ಎಷ್ಟು ಚೆನ್ನಾಗಿ ನೆಟ್ಟರೂ ಪೈರು ಬರಲ್ಲ. ಹೋಯಾದಲ್ಲೂ ಕಣ್ಣಿರುವುದು ಬಳ್ಳಿಯ ಗಿಣ್ಣಿನಲ್ಲಿ, ಎಲೆಯಲ್ಲಿ ಅಲ್ಲ. ನೀವು ಮನಿಪ್ಲಾಂಟ್ ಬಳ್ಳಿ ಕತ್ತರಿಸುವಾಗ ಗಿಣ್ಣು ಸೇರಿಯೇ ಬಂದಿರುತ್ತದೆ, ಅದಕ್ಕೇ ಅದು ಬಂತು.

ಮಲ್ಲಿಗೆಮನೆ:
ಮತ್ತೆ ಜೇಡ್ ಎಲೆಯಿಂದ ಬರುತ್ತದಲ್ಲ?

ಕಬ್ಬಿನಗದ್ದೆ:
ಕೆಲವು ಗಿಡದ ಎಲೆಗೆ ಹೊಸ ಕಣ್ಣು ಮೂಡಿಸುವ ಶಕ್ತಿ ಇದೆ. ಜೇಡ್, ಎಚೆವೆರಿಯಾ, ಝೀಝೀ, ಸ್ನೇಕ್ ಪ್ಲಾಂಟ್. ಕಾಡುಬಸಳೆಯಂತೂ ಎಲೆಯ ಅಂಚಿನಲ್ಲೇ ಮರಿ ಹಾಕುತ್ತದೆ. ಹಳದಿ ಅಂಚಿನ ಸ್ನೇಕ್ ಪ್ಲಾಂಟ್ ಎಲೆ ತುಂಡು ಮಾಡಿ ನೆಟ್ಟರೆ ಮರಿ ಬರುತ್ತದೆ, ಆದರೆ ಹಳದಿ ಹೋಗಿ ಬರೀ ಹಸಿರು. ಹೋಯಾಗೆ ಆ ಶಕ್ತಿ ಇಲ್ಲ. ಒಂದೇ ಒಂದು ಆಸೆ: ಕೆಲವು ಸಲ ಎಲೆಯ ಜೊತೆ ಒಂದು ಚೂರು ಬಳ್ಳಿ ಅಂಟಿಕೊಂಡು ಮಣ್ಣೊಳಗೆ ಹೋಗಿರುತ್ತದೆ. ಮೆಲ್ಲಗೆ ಬಿಡಿಸಿ ನೋಡಿ.

ಮಲ್ಲಿಗೆಮನೆ:
ಬಿಡಿಸಿದೆ. ಕುಂಡದ ಸುತ್ತ ಬಿಳಿ ಬೇರು ಸಿಂಬೆಯ ಹಾಗೆ ಸುತ್ತಿಕೊಂಡಿದೆ. ಮಧ್ಯದಲ್ಲಿ ಎಲೆಯ ತೊಟ್ಟು, ಬೆಂಕಿಕಡ್ಡಿ ಮುರಿದ ಹಾಗೆ ಮೊಂಡಾಗಿ ನಿಂತಿದೆ. ಗಂಟಿಲ್ಲ, ಉಬ್ಬಿಲ್ಲ, ಏನೂ ಇಲ್ಲ.

ಕಬ್ಬಿನಗದ್ದೆ:
ಹಾಗಾದರೆ ಇಷ್ಟೇ. ಎಲೆಯಾಗಿ ಇನ್ನೂ ವರ್ಷಗಟ್ಟಲೆ ಇದ್ದೀತು. ಬಳ್ಳಿ ಬೇಕಿದ್ದರೆ ಯಾರಿಂದಲಾದರೂ ಎರಡು ಗಿಣ್ಣಿನ ತುಂಡು ತನ್ನಿ. ಕತ್ತರಿಸಿದಾಗ ಹಾಲು ಸುರಿಯುತ್ತದೆ, ಒಂದು ದಿನ ಒಣಗಿಸಿ, ಒಂದು ಗಿಣ್ಣು ಒಳಗೆ ಹೋಗುವ ಹಾಗೆ ನೆಡಿ.

ಮಳೆಗಾಲ:
ಆಮೇಲೆ ಎಲೆ ಇಲ್ಲದ ಬೋಳು ಬಳ್ಳಿ ಬಂತೆಂದು ಕತ್ತರಿಸಬೇಡಿ ಮೇಡಂ. ಎಲೆ ಹಿಂದೆಯೇ ಬರುತ್ತದೆ. ಹೂ ಬಿಟ್ಟ ತೊಟ್ಟನ್ನೂ ಕೀಳಬೇಡಿ, ಮುಂದಿನ ಸಲ ಅಲ್ಲೇ ಹೂ ಬರುವುದು.

ಕುಂಡದಗೂಡು:
ಎಲ್ಲ ಸರಿ. ಆದರೂ ಕೋಕೋಪೀಟ್ ತೆಗೆದು ನೆಡಿ.

ಮಲ್ಲಿಗೆಮನೆ:
ಎಲ್ಲರಿಗೂ ಥ್ಯಾಂಕ್ಸ್. ಎಲೆಯನ್ನು ಅದೇ ಕುಂಡಕ್ಕೆ ಮತ್ತೆ ನೆಟ್ಟೆ. ಯಜಮಾನರಿಗೆ ಹೇಳಿಲ್ಲ. ಬಾಳೆಸಿಪ್ಪೆ ನೀರು ಇನ್ನೂ ಅರ್ಧ ಬಾಟಲಿ ಇದೆ, ಜೇಡ್‌ಗೆ ಹಾಕಬಹುದಾ?

ಮಳೆಗಾಲ:
ಬೇಡ!

ಟೆರೇಸ್‌ಗಾಳಿ:
ನಮ್ಮ ಮನೆಯಲ್ಲೂ ಇದೇ ಗೋಳು. ಆರು ತಿಂಗಳಾಯಿತು, ಚಿಗುರೇ ಇಲ್ಲ. ಏನು ಮಾಡಲಿ, ಬೇಗ ಹೇಳಿ.

ಕಬ್ಬಿನಗದ್ದೆ:
ಯಾವ ಗಿಡ?