ಶಾಲೆಯಲ್ಲಿ ಸಿಆರ್‌ಟಿ: ನಿಜಕ್ಕೂ ಏನು ಕಲಿಸ್ತಿದ್ದಾರೆ?

ಶ್ರೀನಿ_ವರ್ಜೀನಿಯಾ: ಸ್ಕೂಲ್ ಬೋರ್ಡ್ (ಇಲ್ಲಿನ ಸರ್ಕಾರಿ ಶಾಲೆಗಳನ್ನ ನಡೆಸೋ ಮಂಡಳಿ) ಚುನಾವಣೆ ಹತ್ತಿರ ಬಂತು, ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಶುರುವಾಗಿದೆ. "ಕ್ರಿಟಿಕಲ್ ರೇಸ್ ಥಿಯರಿ (ಸಿಆರ್‌ಟಿ) ಕಲಿಸಿ ಮಕ್ಕಳ ತಲೆ ಕೆಡಿಸ್ತಿದ್ದಾರೆ" ಅಂತ ಅರ್ಧ ಜನ. "ಎಲ್ಲೂ ಕಲಿಸ್ತಿಲ್ಲ, ಬರೀ ಸುಳ್ಳು" ಅಂತ ಇನ್ನರ್ಧ. ನಾನಿರೋದು ಅಮೆರಿಕದ ವರ್ಜೀನಿಯಾ ರಾಜ್ಯದ ಲೌಡನ್ ಕೌಂಟಿ (ಜಿಲ್ಲೆ ಥರ). 2021ರಲ್ಲಿ ಇಲ್ಲಿನ ಬೋರ್ಡ್ ಸಭೆಯ ಗಲಾಟೆ ದೇಶವೆಲ್ಲ ಟಿವಿಯಲ್ಲಿ ನೋಡಿತ್ತು. ಮಗಳು ಏಳನೇ ಕ್ಲಾಸು. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ. ಮೋದಿ-ರಾಹುಲ್ ಕಡೆ ಮಾತ್ರ ತಿರುಗಿಸಬೇಡಿ, ಕೈ ಮುಗಿತೀನಿ.

ಹಾಸನದ ಹೈದ: ಮೂಲದಲ್ಲಿ ಅದು ಲಾ ಕಾಲೇಜಿನ ವಿಷಯ. 1970-80ರ ದಶಕದಲ್ಲಿ ಡೆರಿಕ್ ಬೆಲ್, ಕಿಂಬರ್ಲೆ ಕ್ರೆನ್‌ಶಾ ಥರದ ಪ್ರೊಫೆಸರುಗಳು ಕೇಳಿದ್ದು ಇಷ್ಟು: 1964ರಲ್ಲೇ ನಾಗರಿಕ ಹಕ್ಕುಗಳ ಕಾಯ್ದೆ ಬಂತು, ಕಾಗದದ ಮೇಲೆ ಎಲ್ಲರೂ ಸಮ. ಆದರೂ ಮನೆ, ಆಸ್ತಿ, ಓದು ಎಲ್ಲದರಲ್ಲೂ ಕಪ್ಪು ಜನ ಹಿಂದೆ ಉಳಿದಿದ್ದು ಯಾಕೆ? ಇದು ಯಾರೋ ನಾಲ್ಕು ಜನ ಕೆಟ್ಟವರ ಕೆಲಸ ಅಲ್ಲ, ಕಾನೂನು-ವ್ಯವಸ್ಥೆಯ ಒಳಗೇ ಕೂತಿದೆ ಅಂತ ಅವರ ವಾದ. 2020ರ ಸೆಪ್ಟೆಂಬರ್‌ನಲ್ಲಿ ಕ್ರಿಸ್ಟೋಫರ್ ರೂಫೋ ಅನ್ನೋ ಬಲಪಂಥೀಯ ಹೋರಾಟಗಾರ ಫಾಕ್ಸ್ ನ್ಯೂಸ್‌ನಲ್ಲಿ ಇದರ ವಿರುದ್ಧ ಮಾತಾಡಿದರು. ಅದೇ ತಿಂಗಳು ಟ್ರಂಪ್ ಆದೇಶ ಬಂತು. ಸರ್ಕಾರಿ ನೌಕರರ ತರಬೇತಿಯಲ್ಲಿ ಇಂಥದ್ದು ಬೇಡ ಅಂತ. ಆಮೇಲೆ ಜಗಳ ಶಾಲೆಗೆ ಇಳಿಯಿತು. ಏಳನೇ ಕ್ಲಾಸಿನ ಮಗು ಡೆರಿಕ್ ಬೆಲ್ ಓದ್ತಿದೆ ಅನ್ನೋದು ಜೋಕು.

ಚೆಲುವ_ಜರ್ಸಿ: "ಕಲಿಸ್ತಿಲ್ಲ" ಅಂದ್ಬಿಟ್ರೆ ಮುಗೀತಾ? ಹೆಸರು ಇಲ್ಲದಿರಬಹುದು, ಸರಕು ಇದೆ. ನನ್ನ ಮಗನ ಕ್ಲಾಸಲ್ಲಿ ಮಕ್ಕಳನ್ನ ಸಾಲಾಗಿ ನಿಲ್ಲಿಸಿದರು. "ನಿಮ್ಮ ಬಣ್ಣದ ಜನ ಟಿವಿಯಲ್ಲಿ ಜಾಸ್ತಿ ಕಾಣ್ತಾರಾ? ಒಂದು ಹೆಜ್ಜೆ ಮುಂದೆ. ಅಂಗಡಿಯಲ್ಲಿ ನಿಮ್ಮ ಹಿಂದೆ ಯಾರಾದ್ರೂ ಬರ್ತಾರಾ? ಒಂದು ಹೆಜ್ಜೆ ಹಿಂದೆ." ಹತ್ತು ವರ್ಷದ ಹುಡುಗ, ಎಲ್ಲಿ ನಿಲ್ಲಬೇಕು ಅಂತಾನೇ ತಿಳಿಯದೆ ಪಕ್ಕದವನ ಮುಖ ನೋಡ್ತಾ ನಿಂತಿದ್ದನಂತೆ. ಇದು ಇತಿಹಾಸ ಪಾಠ ಅಲ್ಲ ಸ್ವಾಮಿ.

ರಾಜಿ_ಡಲ್ಲಾಸ್: ಚೆಲುವ ಅವರೇ, ಅದು ಕೆಟ್ಟ ಪಾಠ, ಒಪ್ತೀನಿ. ನಾನೂ ಟೀಚರ್, ನಾನಾದರೆ ಮಾಡಿಸಲ್ಲ. ಆದರೆ ಮದ್ದು ಅಂತ ಟೆಕ್ಸಾಸ್‌ನಲ್ಲಿ 2021ರಲ್ಲಿ ತಂದ ಕಾನೂನು ನೋಡಿ. ವಿವಾದದ ವಿಷಯ ಬಂದರೆ ಎಲ್ಲ ಕಡೆಯ ಅಭಿಪ್ರಾಯ ಹೇಳಬೇಕು, ಯಾವುದಕ್ಕೂ ವಾಲಬಾರದು ಅಂತ. ಅದೇ ಅಕ್ಟೋಬರ್‌ನಲ್ಲಿ ಇಲ್ಲೇ ಡಲ್ಲಾಸ್ ಹತ್ತಿರದ ಸೌತ್‌ಲೇಕ್‌ನ ಶಾಲಾ ಅಧಿಕಾರಿಯೊಬ್ಬರು ಟೀಚರುಗಳಿಗೆ ಏನಂದರು ಗೊತ್ತಾ? ಹಿಟ್ಲರ್ ಕಾಲದ ಯಹೂದಿ ಹತ್ಯಾಕಾಂಡದ ಪುಸ್ತಕ ಇಟ್ಟರೆ ಬೇರೆ ದೃಷ್ಟಿಕೋನದ ಪುಸ್ತಕವನ್ನೂ ಇಡಿ ಅಂತ! ಆಮೇಲೆ ಅಲ್ಲಿನ ಶಾಲೆಗಳ ಮುಖ್ಯಸ್ಥರು ಕ್ಷಮೆ ಕೇಳಿದರು ಬಿಡಿ.

ಚೆಲುವ_ಜರ್ಸಿ: ಅದು ಆ ಅಧಿಕಾರಿಯ ದಡ್ಡತನ. ಕಾನೂನನ್ನೇ ಓದಿ. ಬಣ್ಣದ ಕಾರಣಕ್ಕೆ ಮಗು ತಪ್ಪಿತಸ್ಥ ಭಾವನೆ ಪಡಲೇಬೇಕು ಅಂತ ಕಲಿಸಬಾರದು, ಅಷ್ಟೇ. ಗುಲಾಮಗಿರಿ ಕಲಿಸಬಾರದು ಅಂತ ಎಲ್ಲಿದೆ?

ರಾಜಿ_ಡಲ್ಲಾಸ್: ಎಲ್ಲೂ ಇಲ್ಲ, ಸರಿ. ಆದರೆ ಪೋಷಕರ ಇಮೇಲ್ ಬಂದಾಗ ಪ್ರಿನ್ಸಿಪಾಲ್ ಕಾನೂನಿನ ಪುಟ ತೆರೆದು ಕೂರಲ್ಲ. "ಆ ಪಾಠ ಈ ವರ್ಷ ಬಿಟ್ಟುಬಿಡಮ್ಮ" ಅಂತಾರೆ. ನಿಷೇಧ ಆಗೋದು ಹೀಗೆ, ಬಾಯಿಮಾತಲ್ಲಿ.

ಜೋಳದರೊಟ್ಟಿ: ನಾವು ಸಿಯಾಟಲ್‌ನಲ್ಲಿ ಹಳೇ ಮನೆ ತಗೊಂಡ್ವಿ. ಕಾಗದಪತ್ರದ ಕಂತೆಯೊಳಗೆ ಒಂದು ಟೈಪ್ ಮಾಡಿದ ಹಾಳೆ ಇತ್ತು. ಬಿಳಿಯರಲ್ಲದವರು ಈ ಮನೆಯಲ್ಲಿ ವಾಸ ಮಾಡಕೂಡದು, ಮನೆಗೆಲಸದವರ ಹೊರತು. ನನ್ನ ಹೆಂಡತಿ "ಹಾಗಾದ್ರೆ ನಾನಿರಬಹುದು, ಪಾತ್ರೆ ತೊಳೆಯೋದು ನಾನೇ ಅಲ್ವಾ" ಅಂದಳು. ಇಂಥ ಷರತ್ತನ್ನ ಕೋರ್ಟು ಜಾರಿ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಪೂರ್ತಿ ಕಾನೂನುಬಾಹಿರ ಆಗಿದ್ದು 1968ರಲ್ಲಿ. ಅಷ್ಟರಲ್ಲಿ ಬಿಳಿಯರ ಕುಟುಂಬಗಳು ಮನೆ ಕೊಂಡು, ಬೆಲೆ ಏರಿ, ಮಕ್ಕಳಿಗೆ ಆಸ್ತಿ ಮಾಡಿಟ್ಟಿದ್ವು. ಕಪ್ಪು ಜನರ ಕೈಯಲ್ಲಿ ಬಾಡಿಗೆ ರಸೀದಿ. ಇದನ್ನ ಹೇಳೋಕೆ ಯಾರನ್ನೂ ಬೈಯಬೇಕಾಗಿಲ್ಲ. ಹಾಳೆ ತೋರಿಸಿದರೆ ಸಾಕು, ಹತ್ತನೇ ಕ್ಲಾಸಿನ ಮಗುವಿಗೆ ಚೆನ್ನಾಗೇ ಅರ್ಥ ಆಗುತ್ತೆ.

ತುಂಗಾತೀರ: ಎಲ್ಲ ಸರಿ. ಆದರೆ ಇದೇ ಗುಂಪಿನಲ್ಲಿ ಕ್ಯಾಲಿಫೋರ್ನಿಯಾ ಆರನೇ ಕ್ಲಾಸಿನ ಪುಸ್ತಕದಲ್ಲಿ ಜಾತಿ ಬಗ್ಗೆ ಬರೆದಾಗ "ನಮ್ಮ ಮಕ್ಕಳಿಗೆ ಅವಮಾನ" ಅಂತ ಕೂಗಿದವರು ಎಷ್ಟು ಜನ! ಬಿಳಿಯರ ಇತಿಹಾಸ ಪೂರ್ತಿ ಹೇಳಬೇಕು, ನಮ್ಮದು ಬಂದಾಗ ಮಕ್ಕಳ ಮನಸ್ಸು ನೋಯುತ್ತೆ. ಅಲ್ವಾ?

ಹಾಸನದ ಹೈದ: ಎರಡೂ ಒಂದೇ ಅಲ್ಲ. ಅಲ್ಲಿ ಕ್ಲಾಸಿಗೆ ಒಬ್ಬನೋ ಇಬ್ಬರೋ ನಮ್ಮ ಮಕ್ಕಳು. ಪಾಠ ಮುಗಿದ ಮೇಲೆ "ನಿನ್ನ ಜಾತಿ ಯಾವುದು" ಅಂತ ಎಲ್ಲರೂ ಮುತ್ತಿಕೊಂಡರೆ?

ತುಂಗಾತೀರ: ಹಾಗೆ ಕೇಳಿಸಿಕೊಂಡ ಮಗು ದಲಿತರ ಮನೆಯದಾಗಿದ್ದರೆ ಏನು ಹೇಳಬೇಕು ಅಂತ ಯೋಚಿಸಿದ್ದೀರಾ? ನಾನು ಕೇಳಿಸಿಕೊಂಡಿದ್ದೇನೆ, ಅಮೆರಿಕದಲ್ಲಲ್ಲ, ಶಿವಮೊಗ್ಗ ಜಿಲ್ಲೆಯಲ್ಲಿ. ನೋವಾಗುತ್ತೆ ಅಂತ ಪಾಠ ಬಿಟ್ಟರೆ ನನ್ನ ನೋವೇನೂ ಕಡಿಮೆ ಆಗ್ತಿರಲಿಲ್ಲ.

ರಾಜಿ_ಡಲ್ಲಾಸ್: ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಶ್ರೀನಿ, ನಿಮ್ಮ ರಾಜ್ಯದ್ದೇ ಒಂದು ಉದಾಹರಣೆ ಕೊಡ್ತೀನಿ. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿ. ಬಿಳಿ ಮಕ್ಕಳನ್ನ ಕಪ್ಪು ಮಕ್ಕಳ ಜೊತೆ ಕೂರಿಸಬೇಕಾಗುತ್ತೆ ಅಂತ 1959ರಲ್ಲಿ ಸರ್ಕಾರಿ ಶಾಲೆಗಳನ್ನೆಲ್ಲ ಮುಚ್ಚಿದರು. ಮತ್ತೆ ತೆರೆದಿದ್ದು 1964ರಲ್ಲಿ, ಅದೂ ಸುಪ್ರೀಂ ಕೋರ್ಟ್ ಹೇಳಿದ ಮೇಲೆ. ಈ ಪಾಠ ಮಾಡಿದರೆ ಯಾವ ಮಗುವಾದರೂ ಕೇಳುತ್ತೆ, "ಮಿಸ್, ಆಗ ಬಿಳಿ ಮಕ್ಕಳು ಎಲ್ಲಿ ಓದಿದರು?" ಖಾಸಗಿ ಶಾಲೆ ಕಟ್ಟಿಕೊಂಡರು, ಅದಕ್ಕೆ ಸರ್ಕಾರದ ನೆರವೂ ಸಿಕ್ತು. ಇದು ಸಿಆರ್‌ಟಿನಾ, ಇತಿಹಾಸನಾ? ಚೆಲುವ ಅವರೇ ಹೇಳಿ.

ಚೆಲುವ_ಜರ್ಸಿ: ಇತಿಹಾಸ. ಕಲಿಸಲೇಬೇಕು. ಆದರೆ ಅಲ್ಲಿಂದ "ಈಗ ನಿಮ್ಮಲ್ಲಿ ಯಾರ್ಯಾರು ಅಂಥವರ ಮೊಮ್ಮಕ್ಕಳು, ಕೈ ಎತ್ತಿ" ಅಂತ ಹೋಗಬೇಡಿ.

ಜೋಳದರೊಟ್ಟಿ: ಹಾಗೆ ಯಾರು ಕೇಳ್ತಾರೆ ಮಾರಾಯ್ರೇ!

ಚೆಲುವ_ಜರ್ಸಿ: ಸಾಲಾಗಿ ನಿಲ್ಲಿಸೋರು ಇದ್ದಾರಲ್ಲ, ಅವರೇ ಕೇಳ್ತಾರೆ.

ಶ್ರೀನಿ_ವರ್ಜೀನಿಯಾ: ಎಲ್ಲರಿಗೂ ಧನ್ಯವಾದ. ಅಭ್ಯರ್ಥಿಗಳು ಗುರುವಾರ ಲೈಬ್ರರಿಗೆ ಬರ್ತಿದ್ದಾರೆ. ಎರಡು ಪ್ರಶ್ನೆ ಬರೆದುಕೊಂಡೆ. ಪ್ರಿನ್ಸ್ ಎಡ್ವರ್ಡ್ ಪಾಠ ಮಾಡಿದ ಟೀಚರ್ ಮೇಲೆ ದೂರು ಬಂದರೆ ನೀವು ಯಾರ ಪರ ನಿಲ್ತೀರಿ? ಸಾಲಾಗಿ ನಿಲ್ಲಿಸೋ ಆಟ ನಮ್ಮ ಶಾಲೆಗಳಲ್ಲೂ ಇದೆಯಾ?

ಚೆಲುವ_ಜರ್ಸಿ: ಎರಡನೇದನ್ನ ಮೊದಲು ಕೇಳಿ.

ರಾಜಿ_ಡಲ್ಲಾಸ್: ಮೊದಲನೇದನ್ನ ಮೊದಲು. ಎರಡನೇದಕ್ಕೆ ಎಲ್ಲರೂ "ಇಲ್ಲ" ಅಂತಾನೇ ಹೇಳೋದು.